ಬಿಳಿ ಹೊದಿಕೆಯ ಕೆಳಗೆ

ಗಾಜಿನಾಚೆ ಕರಿ ಟೋಪಿ ಹಾದುಹೋಯಿತು, ಬರೀ ಟೋಪಿ, ಮುಖ ಇನ್ನೂ ಕಾಣುತ್ತಿಲ್ಲ, ಇನ್ನೇನು ಬಾಗಿಲು ಕಿರ್ರೆನ್ನುತ್ತದೆ, ದರೋಡೆಕೋರ ಒಳಗೆ ಬರುತ್ತಾನೆ, ಕ್ಷೌರದ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತ ಡೊಳ್ಳುಹೊಟ್ಟೆಯ ಪೊಲೀಸು ಶೆರಿಫನಿಗೆ ಪಿಸ್ತೂಲು ತೋರಿಸಿ ಕೈ ಎತ್ತು ಅನ್ನುತ್ತಾನೆ — ಬೇಡ, ಈಗಲೇ ಬೇಡ, ರಿಮೋಟ್ ಎಲ್ಲಿ, ಹೆಬ್ಬೆರಳು ಬೆವರಿದೆ, ಹಿಂದಕ್ಕೆ ಒತ್ತಿದೆ, ಟೋಪಿ ಹಿಮ್ಮುಖವಾಗಿ ಓಡಿತು, ಕೆನ್ನೆಯ ನೊರೆ ಬ್ರಷ್ಷಿಗೆ ವಾಪಸಾಯಿತು. ಪಾಪ, ಎಷ್ಟು ಸಲ ಅಂತ ಕ್ಷೌರ ಮಾಡಿಸಿಕೊಳ್ಳುತ್ತಾನೆ ಆ ಮನುಷ್ಯ. ಮಂಚದ ಮೇಲೆ ಇವರು ಟೀವಿಯತ್ತ ಮುಖ ಮಾಡಿ ಮಲಗಿದ್ದಾರೆ, ಆವತ್ತು ಅಂಗಡಿಯಲ್ಲಿ ಲಕ್ವ ಹೊಡೆದು ಕುಸಿದು ಬಿದ್ದ ಮೇಲೆ ಎಡಗೈ ಎದ್ದಿಲ್ಲ, ಮಾತೆಲ್ಲ ನಾಲಗೆಯಲ್ಲೇ ಕಲಸಿಹೋಗಿದೆ, ನನ್ನನ್ನು ಕರೆದರೂ ಕೆಮ್ಮಿದಂತೆ ಕೇಳುತ್ತದೆ. ಕತ್ತಿನವರೆಗೆ ಬಿಳಿ ಹೊದಿಕೆ, ನಾನೇ ಹೊದಿಸಿದ್ದು — ಬಣ್ಣದ್ದು ಇರಲಿಲ್ಲವೇ ಮನೆಯಲ್ಲಿ, ಬಿಳಿಯದೇ ಯಾಕೆ ಕೈಗೆ ಬಂತು.

ಇವರೂ ಗಿರಾಕಿಗಳ ಕತ್ತಿನ ಸುತ್ತ ಬಿಳಿ ಬಟ್ಟೆಯನ್ನೇ ಕಟ್ಟುತ್ತಿದ್ದರು, ಕೊಡವಿ, ಕಟ್ಟಿ, ಕತ್ತರಿಯನ್ನು ಗಾಳಿಯಲ್ಲಿ ಚಕಚಕ ಆಡಿಸಿ — ಕೂದಲಿಗಿಂತ ಗಾಳಿ ಕತ್ತರಿಸೋದೇ ಜಾಸ್ತಿ ನಿಮ್ದು ಅಂದರೆ, ಕೈ ಬೆಚ್ಚಗಾಗ್ಬೇಡ್ವೇನೇ ಅನ್ನುವರು. ಬಲಗೈಯಲ್ಲಿ ಕತ್ತರಿ, ಎಡಗೈಯಲ್ಲಿ ಬಾಚಣಿಗೆ, ಬಾಚಣಿಗೆ ಮುಂದೆ ಹೋಗದಿದ್ರೆ ಕತ್ತರಿ ಕುರುಡು ಕಣೇ, ಎಡಗೈನೇ ನನ್ ಯಜಮಾನ. ಭಾನುವಾರ ಈ ಕೌಬಾಯ್ ಧಾರಾವಾಹಿ ಬರುವ ಹೊತ್ತಿಗೆ ಅಂಗಡಿಗೆ ಅರ್ಧ ಶಟರ್ ಬೀಳುತ್ತಿತ್ತು, ಅದರಲ್ಲೂ ಈ ಕಂತು ಬಂದರೆ, ನಮ್ ಕಸುಬಿನೋರೂ ಟೀವಿಗೆ ಬಂದ್ರು ನೋಡೇ, ಅಯ್ಯೋ, ಸೋಪು ಕಿವಿಗೆ ಹಚ್ತಾನೆ, ಕತ್ತೆ. ಆಮೇಲೆ ಆ ದೃಶ್ಯ — ಕೈ ಎತ್ತು ಅಂದ ಕೂಡಲೇ ಶೆರಿಫ್ ಬಟ್ಟೆಯ ಕೆಳಗೇ ಕೈ ಎತ್ತುತ್ತಾನೆ, ಎರಡು ಗುಡ್ಡ ಏಳುತ್ತವೆ, ಅಲ್ಲೊಂದು ಇಲ್ಲೊಂದು, ಒಳಗೆ ಎರಡು ಪಿಸ್ತೂಲಿವೆ ಅಂದುಕೊಂಡು ದರೋಡೆಕೋರನೇ ಹೆದರಿ ಕೈ ಎತ್ತಿಬಿಡುತ್ತಾನೆ. ಇವರೂ ಹೊದ್ದ ಚಾದರದೊಳಗಿಂದ ಎರಡೂ ಕೈ ಎತ್ತಿ ನನ್ನ ಕಡೆ ತಿರುಗುವರು, ಶರಣಾಗೇ, ನಾನು ಸೌಟು ಹಿಡಿದ ಕೈ ಎತ್ತಬೇಕು, ಎತ್ತದಿದ್ದರೆ ಬಿಡುತ್ತಿರಲಿಲ್ಲ. ಒಂದು ಸಲವೂ ತಪ್ಪಿಸಿದವರಲ್ಲ.

ಇವರ ಕೈಕಾಲಿಗೆ ಕಸರತ್ತು ಮಾಡಿಸಲು ಬರುವ ಹುಡುಗಿ ಬೆಳಿಗ್ಗೆ ಬಾಗಿಲ ಹತ್ತಿರ ನಿಂತು ಹೇಳಿದಳು, ಎಡಗೈ ತಾನಾಗೇ ಏಳ್ಬೇಕಮ್ಮ, ಎತ್ತಿ ಅಂತ ನೀವು ಹೇಳ್ಬೇಡಿ, ಹೇಳಿದ್ರೆ ಬಲಗೈ ಬಂದು ಎಡಗೈನ ಹಿಡ್ಕೊಂಡು ಎತ್ತಿಬಿಡುತ್ತೆ, ಸುಮಾರು ಜನ ಹಾಗೇ ಮೋಸ ಮಾಡ್ತಾರೆ, ಏನೋ ನೋಡ್ತಾ ನಗ್ತಾ ಮೈಮರೆತಾಗ ಸ್ವಲ್ಪ ಅಲ್ಲಾಡಿದ್ರೂ ಸಾಕು, ಆಸೆ ಇಟ್ಕೋಬಹುದು. ಅಲ್ಲಾಡ್ದೇ ಇದ್ರೆ? ಅಂದೆ. ಅವಳು ಚೀಲದ ಜಿಪ್ ಎಳೆದಳು, ನಾಳೆ ಡಾಕ್ಟ್ರು ಹೇಳ್ತಾರಮ್ಮ. ಇವರು ಆಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ನಿದ್ದೆ ಅಂದುಕೊಂಡೆ, ನಿದ್ದೆಯೇ ಇರಬೇಕು. ಆಮೇಲೆ ನಾದಿನಿಯ ಫೋನು, ಅತ್ತಿಗೆ, ಡಾಕ್ಟ್ರು ಕೈ ಎತ್ತಿಬಿಟ್ರಾ? ಬೇರೆ ಮಾತು ಸಿಗಲಿಲ್ಲವೇ ಅವಳಿಗೆ. ಈಗ ಕೈ ಎತ್ತಬೇಕಾದವರು ಇವರು, ಇವರು ಎತ್ತದಿದ್ದರೆ ನಾಳೆ ಡಾಕ್ಟರು ಎತ್ತುತ್ತಾರೆ. ಇನ್ನೂ ಎತ್ತಿಲ್ಲ ಕಣಮ್ಮ ಅಂದೆ, ಯಾರ ಕೈ ಅಂತ ಹೇಳಲಿಲ್ಲ. ಅದಕ್ಕೇ ಈ ಕಂತು ಹುಡುಕಿ ಹಾಕಿದ್ದು, ಯಾಕೆ ಅಂತ ಇವರಿಗೆ ತಿಳಿಸಿಲ್ಲ, ಹಾಕಿದ ಮೇಲೆ ಮುಂದಕ್ಕೆ ಬಿಡಲು ಧೈರ್ಯ ಬರುತ್ತಿಲ್ಲ, ಹೆದರಿಕೆಯಾಗುತ್ತಿದೆ, ನನಗೆ ಬಹಳ ಹೆದರಿಕೆಯಾಗುತ್ತಿದೆ, ಟೋಪಿ ಆಚೆಯೇ ಇರುವವರೆಗೆ ಎಡಗೈ ಏಳಲೂಬಹುದು, ಅದು ಒಳಗೆ ಬಂದರೆ ಗೊತ್ತಾಗಿಬಿಡುತ್ತದೆ.

ಟೋಪಿ ಮತ್ತೆ ಬಂತು. ಹಾಳಾಗಲಿ, ರಿಮೋಟನ್ನು ದಿಂಬಿನ ಕೆಳಗೆ ತುರುಕಿದೆ, ಬಾಗಿಲು ಕಿರ್ರೆಂದಿತು, ಕೈ ಎತ್ತು — ಶೆರಿಫನ ಬಟ್ಟೆ ಎದ್ದಿತು, ಧಾರಾವಾಹಿಯೊಳಗಿನ ಜನ ಗೊಳ್ಳೆಂದು ನಕ್ಕರು, ಇವರ ಹೊದಿಕೆ ಹಾಗೇ ಇದೆ, ಸಮ, ಇಸ್ತ್ರಿ ಮಾಡಿದ ಹಾಗೆ, ಆಗ ಒಳಗೆ ಏನೋ ತಡಕಾಡಿತು, ಬಲಗಡೆಯಿಂದ ಎಡಕ್ಕೆ ಹೋಯಿತು, ಅಲ್ಲಿ ನಿಂತಿತು, ಆಮೇಲೆ ಮೆಲ್ಲಗೆ ಎದ್ದಿತು — ಎದ್ದಿತು, ದೇವರೇ, ಎದ್ದಿತು, ನನ್ನ ಎರಡೂ ಕೈ ತಾವಾಗಿ ಮೇಲೆ ಹೋದವು, ಸೌಟೂ ಇಲ್ಲ, ನಗುತ್ತಿದ್ದೇನೆ, ಶರಣಾದೆ ಅನ್ನಬೇಕು, ಅನ್ನುವಷ್ಟರಲ್ಲಿ — ಟೀವಿಯಲ್ಲಿ ಎರಡು ಗುಡ್ಡ, ಅಲ್ಲೊಂದು ಇಲ್ಲೊಂದು. ಇಲ್ಲಿ ಒಂದೇ. ಎದೆಯ ನಡುವೆ, ಎರಡು ಕೈಯಷ್ಟು ದಪ್ಪದ್ದು, ಭಾರಕ್ಕೆ ನಡುಗುತ್ತಿದೆ. ಇವರು ಟೀವಿ ನೋಡುತ್ತಿಲ್ಲ, ನನ್ನ ಮುಖ ನೋಡುತ್ತಿದ್ದಾರೆ, ನಂಬಿದಳೋ ಇಲ್ಲವೋ ಅಂತ, ಬೆಳಿಗ್ಗೆ ನಿದ್ದೆ ಇರಲಿಲ್ಲ ಇವರಿಗೆ, ಎಲ್ಲಾ ಕೇಳಿಸಿಕೊಂಡಿದ್ದಾರೆ, ನನಗಿಂತ ಹೆಚ್ಚು ಹೆದರಿದ್ದಾರೆ — ಹೊದಿಕೆ ಸರಿಸಲಾರೆ, ನಗು ನಿಲ್ಲಿಸಲಾರೆ, ಎತ್ತಿದ ಕೈ ಇಳಿಸಲಾರೆ, ನಾನು ಇಳಿಸಿದರೆ ಇವರೂ ಇಳಿಸುತ್ತಾರೆ, ಅದು ಇಳಿದರೆ ಮತ್ತೆ — ಬಿಳಿ ಹೊದಿಕೆ, ಅದರ ನಡುವೆ ಒಂದು ಗುಡ್ಡ, ನಡುಗುತ್ತಾ, ಒಂದೇ