ಹೆಸರಿಲ್ಲದ ಬಾಟಲಿ

ಮೊಮ್ಮಗಳು ಇಂಚರಳ ಕಿವಿಯ ಹಿಂದೆ ಉಣ್ಣಿ ಕಚ್ಚಿಕೊಂಡಿರುವುದು ಕಂಡಾಗ ಮೈಲಮ್ಮ ಕೂಗಾಡಲಿಲ್ಲ. ಚಿಮಟ ತಂದು, ಚರ್ಮಕ್ಕೆ ತಾಗಿಸಿ ಹಿಡಿದು, ನೇರಕ್ಕೆ ಮೆಲ್ಲಗೆ ಎಳೆದು ಸೋಪಿನ ನೀರಿನ ಲೋಟಕ್ಕೆ ಹಾಕಿದಳು. ಆಮೇಲೆ ಮಂಚ ಸರಿಸಿ ನೋಡಿದರೆ ಗೋಡೆಯ ಬಿರುಕಿನ ತುಂಬ ಅವೇ. ಕೆಲವು ಎಳ್ಳಿನಷ್ಟು, ಕೆಲವು ರಕ್ತ ಕುಡಿದು ಕಡಲೆಕಾಳಿನಷ್ಟು.

ಎಲ್ಲವೂ ಮಂಡಕ್ಕಿಯ ಮೈಯಿಂದ ಇಳಿದವು. ಮಂಡಕ್ಕಿ ಎಂದರೆ ಮನೆಯ ಬಿಳಿ ನಾಯಿ. ಹೆಸರಿಟ್ಟವಳು ಐದು ವರ್ಷದ ಇಂಚರಳೇ. ಮಗ ಶಿವು, "ಕರೂರು ಫ್ಯಾಕ್ಟರಿ ಕಡೆ ಬಿಟ್ ಬರ್ತೀನಿ" ಎಂದ. ಹುಡುಗಿ ಎರಡು ಹೊತ್ತು ಊಟ ಬಿಟ್ಟಳು.

"ನಾಯಿ ಬಿಡೋದು ಬ್ಯಾಡ, ಉಣ್ಣಿ ಬಿಡ್ಸಾಣ," ಎಂದು ತೀರ್ಪು ಕೊಟ್ಟ ಮೈಲಮ್ಮ ಕುಕ್ಕುವಾಡದ ತಮ್ಮ ಉಚ್ಚೆಂಗಪ್ಪನಿಗೆ ಫೋನ್ ಮಾಡಿ ದನಕ್ಕೆ ಹಚ್ಚುವ ಉಣ್ಣಿ ಔಷಧಿ ಕೇಳಿದಳು.

ಭಾನುವಾರ ಅವನು ಟ್ರ್ಯಾಕ್ಟರಿನ ಸಾಮಾನು ತರಲು ಹರಿಹರಕ್ಕೆ ಹೊರಟಿದ್ದ. ದಾರಿಯಲ್ಲಿ ವಿನೋಬನಗರದ ಅಕ್ಕನ ಮನೆಗೆ ಬಂದು, ಅರ್ಧ ತುಂಬಿದ ಕೂಲ್‌ಡ್ರಿಂಕ್ಸ್ ಬಾಟಲಿ ಕೊಟ್ಟ. ಅದರ ಮೇಲೆ ಯಾವ ಚೀಟಿಯೂ ಇರಲಿಲ್ಲ.

"ದನದ ಡಾಕ್ಟ್ರ ಅಂಗಡೀದೇನೋ?"

"ಮತ್ತೇನ್ ಕಿರಾಣಿ ಅಂಗಡೀದಾ? ಚೊಂಬು ನೀರಿಗೆ ಒಂದು ಮುಚ್ಚಳ ಹಾಕಕ್ಕ," ಎಂದು ನಗುತ್ತಾ ಬೈಕ್ ಹತ್ತಿದ.

ಮುಚ್ಚಳ ತೆಗೆದಾಗ ಕೊಳೆತ ಬೆಳ್ಳುಳ್ಳಿಯ ವಾಸನೆ ಬಡಿಯಿತು. ಕುಕ್ಕುವಾಡದ ಗದ್ದೆಗಳಲ್ಲಿ ಹತ್ತು ವರ್ಷ ಕಳೆ ಕಿತ್ತವಳಿಗೆ ಆ ವಾಸನೆ ಹೊಸದಲ್ಲ. ಮೂಗು ಏನೋ ಹೇಳಿತು, ಕೈ ಕೇಳಲಿಲ್ಲ. ನೀರಿಗೆ ಬೆರೆಸಿ ಬಿರುಕುಗಳಿಗೆ ಬಟ್ಟೆಯಿಂದ ಒತ್ತಿದಳು, ನಾಯಿಯ ಮೈಗೆಲ್ಲ ಹಚ್ಚಿದಳು, ಸೆರಗಿಗೆ ಕೈ ಒರೆಸಿಕೊಂಡು ಹಾಸಿಗೆ ಬಟ್ಟೆ ಕುದಿಸಲು ಒಳಗೆ ಹೋದಳು. ಹಿತ್ತಿಲಲ್ಲಿ ಇಂಚರ ಒದ್ದೆ ನಾಯಿಯನ್ನು ತಬ್ಬಿಕೊಂಡು ಆಡುತ್ತಿದ್ದದ್ದು ಯಾರಿಗೂ ಕಾಣಲಿಲ್ಲ.

ಅರ್ಧ ಗಂಟೆ ಕಳೆದಿತ್ತು. ನಾಯಿ ನಿಂತಲ್ಲೇ ನಡುಗಿತು. ಬಾಯಿಂದ ಜೊಲ್ಲು ದಾರದಂತೆ ಇಳಿಯಿತು, ಹಿಂಗಾಲು ಕುಸಿಯಿತು.

"ಅಜ್ಜಿ, ಹೊಟ್ಟೆ ನೋಯ್ತೈತೆ," ಎಂದು ಇಂಚರ ಬಾಗಿಲಿಗೆ ಬಂದು ನಿಂತಳು. ಅವಳ ಗಲ್ಲವೂ ಒದ್ದೆ. ಜೊಲ್ಲು. ಹಣೆ ತುಂಬ ಬೆವರು.

ಔಷಧಿ ಹೊಡೆದು ಬದುವಿನ ಮೇಲೆ ಬಿದ್ದ ಆಳುಗಳನ್ನು ಮೈಲಮ್ಮ ನೋಡಿದ್ದಳು.

ಸೊಸೆ ಶಾಂತಲಾ ಓಡಿಬಂದು ಮಗಳನ್ನು ಎತ್ತಿಕೊಳ್ಳಲು ಹೋದಳು. ಕೂಗು ಕೇಳಿ ಪಕ್ಕದ ಮನೆಯ ಲಾಲ್ ಸಾಬ್ ಆಗಲೇ ಆಟೋ ತಿರುಗಿಸಿ ನಿಲ್ಲಿಸಿದ್ದ.

"ಮುಟ್ಟಬ್ಯಾಡ! ಮೊದ್ಲು ಅಂಗಿ ಬಿಚ್ಬೇಕು," ಎಂದಳು ಮೈಲಮ್ಮ.

"ಅತ್ತೀ, ಹುಚ್ಚು ಹಿಡೀತಾ ನಿಮ್ಗೆ? ಆಸ್ಪತ್ರೆಗೆ ನಡೀರಿ!"

"ಅಂಗೀಲಿರೋ ವಿಷ ಮೈಗೆ ಇಳೀತಾನೇ ಇರ್ತೈತೆ. ಎರಡು ನಿಮಿಷ."

ಫ್ರಾಕ್ ಕಿತ್ತೆಸೆದು, ನಲ್ಲಿಯ ಕೆಳಗೆ ಕೂರಿಸಿ, ಬಟ್ಟೆ ಸೋಪಿನಿಂದ ತಲೆಯಿಂದ ಕಾಲಿನ ತನಕ ತಿಕ್ಕಿದಳು. ಹುಡುಗಿ ಅತ್ತಳು. ಶಾಂತಲಾ ಬಾಗಿಲಿಗೆ ಹಣೆ ಬಡಿದುಕೊಂಡಳು. ಲಾಲ್ ಸಾಬ್ ಹಾರನ್ ಒತ್ತುತ್ತಲೇ ಇದ್ದ. ಆ ಎರಡು ನಿಮಿಷ ಮೈಲಮ್ಮನಿಗೆ ಎರಡು ವರ್ಷವಾಯಿತು. ಮಗುವನ್ನು ಟವಲಿನಲ್ಲಿ ಸುತ್ತಿ ಶಾಂತಲಾಳ ಕೈಗೆ ಕೊಟ್ಟು, ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೊತೆಗೆ ತಂದಳು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿ ಹುಬ್ಬು ಗಂಟಿಕ್ಕಿದರು.

"ಪಾಪೆ ಚಿಕ್ಕದಾಗಿದೆ. ಇದು ಯಾವ ಔಷಧಿ?"

"ದನದ ಉಣ್ಣಿಗೆ ಹಚ್ಚೋದು ಅಂತ ತಂದ್ಕೊಟ್ಟ್ರು," ಎಂದಳು ಮೈಲಮ್ಮ.

"ಹೆಸರು ಹೇಳಿ. ದನಕ್ಕೆ ಹಚ್ಚೋದಾದರೆ ಚಿಕಿತ್ಸೆ ಒಂಥರ, ಹೊಲಕ್ಕೆ ಹೊಡೆಯೋದಾದರೆ ಬೇರೆ. ಬೇಗ ಕೇಳಿ."

ಉಚ್ಚೆಂಗಪ್ಪ ಮೂರನೇ ಸಲಕ್ಕೆ ಫೋನ್ ಎತ್ತಿದ. ಹರಿಹರದ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು.

"ಏ ಉಚ್ಚೆಂಗ, ಬಾಟ್ಲೀಲಿ ಏನ್ ಹಾಕಿದ್ದೆ? ಕೂಸು ಆಸ್ಪತ್ರೇಲೈತೆ."

"ಅಯ್ಯೋ ದೇವರೇ... ದನದ್ದೇ ಅಕ್ಕ. ಹೇಳ್ದೆನಲ್ಲ."

"ಹೆಸರು?"

"ಹೆಸರು ನೆನಪಿಲ್ಲ. ಪೊಲೀಸ್ರು ಗಿಲೀಸ್ರು ಬಂದಾರೇನು?"

ಆ ಪ್ರಶ್ನೆ ಕೇಳಿದ್ದೇ ಅವಳಿಗೆ ಸಾಕಾಯಿತು. ಒಂದೇ ತಾಯಿ ಮಡಿಲಲ್ಲಿ ಬೆಳೆದವನು, ಸುಳ್ಳು ಹೇಳುವಾಗ ಅವನ ದನಿ ಹೇಗೆ ತೆಳ್ಳಗಾಗುತ್ತದೆ ಎಂದು ಅವಳಿಗೆ ಗೊತ್ತು.

"ಕೇಳು. ನಾನು ವಾಸನೆ ನೋಡೀನಿ. ಕೊಳೆತ ಬೆಳ್ಳುಳ್ಳಿ. ದನದ ಔಷಧಿ ಆ ವಾಸನೆ ಬರಂಗಿಲ್ಲ. ಡಾಕ್ಟ್ರು ಸೂಜಿ ಹಿಡ್ಕಂಡು ನಿಂತಾರೆ, ಯಾವ್ದು ಚುಚ್ಚಬೇಕು ಅನ್ನೋದು ನಿನ್ ಬಾಯಾಗೈತೆ. ಪೊಲೀಸ್ರ ವಿಷಯ ಆಮೇಲೆ. ಇಂಚರ ಹೋದ್ರೆ ನಿನ್ನ ಮುಖ ನಾನು ನೋಡೋದಿಲ್ಲ, ನನ್ ಮುಖ ನಾನೂ ನೋಡ್ಕೊಳ್ಳೋದಿಲ್ಲ."

ಬಸ್ಸಿನ ಹಾರನ್. ಆಮೇಲೆ ಅಳು ಬೆರೆತ ದನಿ: "ಕ್ಲೋರೋ ಅಕ್ಕ. ಭತ್ತಕ್ಕೆ ಹೊಡ್ದು ಉಳ್ದಿದ್ದು. ಅಂಗಡೀಗೆ ಹೋಗೋಕೆ ಸೋಮಾರಿತನ ಮಾಡ್ದೆ. ಉಣ್ಣಿ ಯಾವ್ದ್ರಾಗಾದ್ರೂ ಸಾಯ್ತಾವೆ ಅಂದ್ಕಂಡೆ."

ಮೈಲಮ್ಮ ಅದನ್ನೇ ಜೋರಾಗಿ ಹೇಳಿದಳು. "ಕ್ಲೋರೋಪೈರಿಫಾಸ್," ಎಂದು ಡಾಕ್ಟರಮ್ಮ ನರ್ಸಿಗೆ ಹೇಳುತ್ತಲೇ ಒಳಗೆ ಓಡಿದರು.

ಒಳಗೆ ಬಿಡಲಿಲ್ಲ. ಶಾಂತಲಾ ಬೆಂಚಿನ ಈ ಕೊನೆಗೆ, ಮೈಲಮ್ಮ ಆ ಕೊನೆಗೆ. ಶಿವು ಎರಡನೇ ಪಾಳಿ ಬಿಟ್ಟು ಬಂದವನು ಇಬ್ಬರ ನಡುವೆ ನಿಂತು, ಯಾರ ಹತ್ತಿರ ಕೂರಬೇಕೆಂದು ತಿಳಿಯದೆ ಗೋಡೆಗೆ ಒರಗಿದ. ಬಾಗಿಲು ತೆರೆದಾಗಲೆಲ್ಲ ಮೂವರೂ ಎದ್ದು ನಿಲ್ಲುತ್ತಿದ್ದರು.

ನಾಯಿಗಾಗಿ ಮನೆಗೆ ಹಿಂದಿರುಗಿದ್ದ ಲಾಲ್ ಸಾಬ್ ಫೋನ್ ಮಾಡಿದ. "ಅಕ್ಕ, ಕೈಗೆ ಕವರ್ ಕಟ್ಕಂಡು ನಾಯಿನ ಸೋಪಲ್ಲಿ ತೊಳ್ದು ಪಶು ಆಸ್ಪತ್ರೆಗೆ ತಂದೀನಿ. ಇಂಜೆಕ್ಷನ್ ಕೊಟ್ಟಾರೆ. ಉಳಿದ್ರೆ ಉಳೀತೈತೆ ಅಂದ್ರು."

ಸಂಜೆ ಐದಕ್ಕೆ ನರ್ಸ್ ಹೊರಗೆ ಬಂದರು. "ನೀರು ಕೇಳ್ತಿದ್ದಾಳೆ. ಬಾಯಿ ಒಣಗಿದೆಯಂತೆ."

ಶಾಂತಲಾ ಹೆದರಿ ನೋಡಿದಳು.

"ಒಣಗಲಿ ಬಿಡಮ್ಮ, ಅದೇ ನಮಗೆ ಬೇಕಾಗಿದ್ದು. ಔಷಧಿ ಹತ್ತಿದೆ ಅಂತ ಅರ್ಥ. ಎರಡು ದಿನ ಇಲ್ಲೇ ಇರಬೇಕು."

ಅದೇ ಹೊತ್ತಿಗೆ ಉಚ್ಚೆಂಗಪ್ಪನೂ ಬಂದ, ವಿಷದ ಪ್ರಕರಣವೆಂದು ಬರೆದುಕೊಳ್ಳಲು ಒಬ್ಬ ಕಾನ್‌ಸ್ಟೇಬಲ್ಲೂ ಬಂದರು. ಉಚ್ಚೆಂಗಪ್ಪ ಅಕ್ಕನ ಮುಖ ನೋಡಿದ. ಎಲ್ಲವನ್ನೂ ಅವನ ತಲೆಗೆ ಕಟ್ಟಲು ಅವಳಿಗೆ ದಾರಿಯಿತ್ತು.

"ಕೊಟ್ಟೋನು ನನ್ ತಮ್ಮ. ವಾಸನೆ ಗೊತ್ತಾಗಿಯೂ ಹಚ್ಚಿದೋಳು ನಾನು. ಇಬ್ರದೂ ಬರ್ಕೊಳ್ರಿ ಸರ್," ಎಂದಳು ಮೈಲಮ್ಮ.

ಶಾಂತಲಾ ಇದನ್ನು ಕೇಳಿಸಿಕೊಂಡಳು. ಅಷ್ಟು ಹೊತ್ತೂ ಅತ್ತೆಯ ಕಡೆ ತಿರುಗದವಳು ಈಗ ತಿರುಗಿದಳು. ಮೈಲಮ್ಮ ಮೊಮ್ಮಗಳನ್ನು ನೋಡಲು ಎದ್ದಾಗ ಬಾಗಿಲಿಗೆ ಅಡ್ಡ ನಿಂತಳು.

"ಆ ಸೀರೇಲಿ ಕೂಸಿನ ಹತ್ರ ಬರಬ್ಯಾಡ್ರಿ. ಸೆರಗಿನ ತುಂಬ ಅದೇ ನಾರ್ತೈತೆ. ಮೊದ್ಲು ಡಾಕ್ಟ್ರಿಗೆ ನಿಮ್ ಕಣ್ಣು ತೋರ್ಸಿ, ಮನೆಗೆ ಹೋಗಿ ಮೈ ತೊಳ್ಕಂಡು ಬ್ಯಾರೆ ಸೀರೆ ಉಟ್ಕಂಡು ಬರ್ರಿ." ಅವಳ ದನಿ ಇನ್ನೂ ಗಡುಸಾಗಿತ್ತು. "ಬೇಗ ಬರ್ರಿ. ನೀವಿಲ್ದೆ ಅವ್ಳು ಮಲಗಂಗಿಲ್ಲ."