ನಿಂಬೆ ಮುಟ್ಟದ ಕೈ

ಶವಪೆಟ್ಟಿಗೆಯನ್ನು ಬಾಗಿಲಲ್ಲಿ ಓರೆ ಮಾಡಿ ತೂರಿಸುತ್ತಾ ಮೀನುಗಾರ ತಿಬುರ್ಸಿಯೊ ಗೊಣಗಿದ, "ಬದುಕಿದ್ದಾಗ ಯಾರಿಗೂ ಅಡ್ಡ ಬಂದೋನಲ್ಲ. ಈಗ ನೋಡ್ರಪ್ಪಾ ಇವನ ಹಟ!"

ಹೊತ್ತವರೆಲ್ಲ ಸುಸ್ತಿನಲ್ಲೇ ನಕ್ಕರು. ಚಿಲಿ ದೇಶದ ವಾಲ್ಪರೈಸೊ ಊರಿನ ಗುಡ್ಡದ ಆ ಮನೆಗೆ ಮೆಟ್ಟಿಲುಗಳೇನು ಕಮ್ಮಿಯೇ? ಎಲ್ಲರ ಹಿಂದೆ ಏದುಸಿರು ಬಿಡುತ್ತಾ ಬಂದ ವಿಜ್ಞಾನಿ ಡಾಕ್ಟರ್ ಮಿರೆಯಾ ಒಂದೇ ಮಾತು ಹೇಳಬೇಕಿತ್ತು: ಪೆಟ್ಟಿಗೆಯೊಳಗಿದ್ದ ನೊಲ್ಬೆರ್ತೊ ತಪ್ಪು ಮಾಡಿರಲಿಲ್ಲ. ಆ ಮಾತಿಗೆ ಇಪ್ಪತ್ತೆರಡು ವರ್ಷ ತಡವಾಗಿತ್ತು.

ವಿಧವೆ ಎರ್ಮಿಂದಾ ಮೀನಿನ ಸಾರು ಕೊಟ್ಟಳು. "ನಿಂಬೆ ಇಲ್ಲ ಡಾಕ್ಟ್ರೇ. ಅವ್ರು ಮನೆಯೊಳಗೆ ತರೋಕೇ ಬಿಡ್ತಿರ್ಲಿಲ್ಲ."

"ಲ್ಯಾಬಲ್ಲಿ ಇವ್ನು ತೊಳೀತಿದ್ದಿದ್ದು ಬಾಟ್ಲಿ. ಕೈಗೆ ನಿಂಬೆ ತಾಗಿದ್ರೆ ಯಾವ ದೋಣಿ ಮುಳುಗೋದಿತ್ತೋ!" ಎಂದ ತಿಬುರ್ಸಿಯೊ.

ಮಿರೆಯಾ ಬಟ್ಟಲು ಕೆಳಗಿಟ್ಟರು.

* * *

ಇಪ್ಪತ್ತೆರಡು ವರ್ಷದ ಹಿಂದೆ, ಮಿರೆಯಾರ ಪ್ರಯೋಗಾಲಯದಲ್ಲಿ ಬೊಂಡಾಸ್ ಎಂಬ ಸ್ಕ್ವಿಡ್ ಮೀನಿನ ದಪ್ಪ ನರವನ್ನು ಹರಿಯದಂತೆ ಬಿಡಿಸುವುದು ನೊಲ್ಬೆರ್ತೊ ಒಬ್ಬನಿಗೇ ಸಾಧ್ಯವಿತ್ತು. ಅದನ್ನು ಸಮುದ್ರದ ನೀರಿನಲ್ಲಿಟ್ಟು, ಹಾರ್ಮೋನು ಬೆರೆಸಿದರೆ ಅದರೊಳಗೆ ಓಡುವ ವಿದ್ಯುತ್ತು ಏರುವುದೋ ಇಳಿಯುವುದೋ ಎಂದು ಮಿರೆಯಾ ನೋಡುತ್ತಿದ್ದರು. ಅಂದು ತೆರೆಯ ಮೇಲಿನ ಗೆರೆ ಕುಗ್ಗುತ್ತಾ ಹೋಗಿ ಚಪ್ಪಟೆಯಾಯಿತು. ಆ ವರ್ಷ ಸಿಕ್ಕ ಕೊನೆಯ ಬೊಂಡಾಸ್ ಅದು.

"ಹುಳಿ ತಾಗಿದ್ರೆ ನರ ಮಂಕಾಗುತ್ತೆ ಅಂತ ಗೊತ್ತಿಲ್ವಾ? ಊಟಕ್ಕೆ ನಿಂಬೆ ಹಿಂಡ್ಕೊಂಡ್ರಾ?"

"ಹಿಂಡ್ಕೊಂಡೆ. ಆದ್ರೆ ಕೈ ತೊಳ್ದಿದ್ದೆ ಡಾಕ್ಟ್ರೇ."

"ಏನು ತೊಳ್ದಿರೋ!"

ಮರುದಿನದಿಂದ ಅವನಿಗೆ ಬಾಟಲಿ ತೊಳೆಯುವ ಕೆಲಸ. ಅದೇ ದಿನ ಮಿರೆಯಾ ತಮ್ಮ ದ್ರಾವಣವನ್ನು ಪರೀಕ್ಷಿಸಿದರು. ಹಾರ್ಮೋನು ಕರಗಿಸಲು ಹಾಕಿದ್ದ ಆಮ್ಲದ ಹುಳಿಯನ್ನು ಇಳಿಸಲು ಅವರೇ ಮರೆತಿದ್ದರು. ಚೆಲ್ಲಿ ಸುಮ್ಮನಾದರು. ಹೊಸ ನೌಕರಿ, ಬಾಯಿ ಬಿಡಲು ಹೆದರಿಕೆ. ಆಮೇಲೆ ಹೆದರಿಕೆ ಹೋಯಿತು, ನಾಚಿಕೆ ಉಳಿಯಿತು.

* * *

"ಎರ್ಮಿಂದಾ ಅವ್ರೇ, ತಪ್ಪು ನಂದು. ಹುಳಿ ಇದ್ದಿದ್ದು ನನ್ನ ಬಾಟ್ಲಿಯಲ್ಲಿ. ಮಾರನೇ ದಿನಾನೇ ಗೊತ್ತಾಯ್ತು."

ಎರ್ಮಿಂದಾ ಕುರ್ಚಿ ಎಳೆದುಕೊಂಡು ಕೂತಳು. ಎರಡು ದಿನದಿಂದ ನಿದ್ದೆ ಇರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಅವಳಲ್ಲಿ ತ್ರಾಣವಿರಲಿಲ್ಲ.

"ಇವತ್ತಲ್ಲ ನಾಳೆ ಮತ್ತೆ ನರ ಬಿಡಿಸೋಕೆ ಕರೀತಾರೆ, ಕೈ ಚೊಕ್ಕವಾಗಿರ್ಬೇಕು ಅಂತಿದ್ರು. ರಿಟೈರಾದ್ಮೇಲೂ ಅಂತಿದ್ರು" ಎಂದಳು. "ನಂಗ್ಯಾಕೆ ಹೇಳ್ತೀರಿ? ಅಲ್ಲೇ ಇದಾರಲ್ಲ, ಅವ್ರಿಗೇ ಹೇಳಿ."

ಮಿರೆಯಾ ಪೆಟ್ಟಿಗೆಯ ಮೇಲೆ ಬಾಗಿದರು. ಮುಚ್ಚಳದ ಗಾಜಿನ ಕಿಂಡಿಯೊಳಗೆ ಅವನ ಮುಖವಿತ್ತು. ಏನೋ ಪಿಸುಗುಟ್ಟಿದರು. ಉಸಿರು ತಾಗಿ ಗಾಜು ಮಬ್ಬಾಗಿ ಮುಖ ಮುಚ್ಚಿಹೋಯಿತು.

ಎರ್ಮಿಂದಾ ಎದ್ದು ಬಂದು ಅಂಗಿಯ ತೋಳಿನಿಂದ ಗಾಜು ಒರೆಸಿದಳು.

"ಜೋರಾಗಿ ಹೇಳಿ ಡಾಕ್ಟ್ರೇ. ಅವ್ರಿಗೆ ಕಿವಿ ಮಂದ."

ಸಾರು ಕುಡಿಯುತ್ತಿದ್ದ ಮೀನುಗಾರರೆಲ್ಲ ಚಮಚ ಕೆಳಗಿಟ್ಟು ತಿರುಗಿ ನೋಡಿದರು.