ಗುಂಡಿ ಇಟ್ಟ ಜಾಗ

ಕೈ ನಾಲ್ಕನೆಯ ಸಲವೂ ತಪ್ಪಿತು. ಮಲ್ಲಿಕಾಳ ಬಲಮುಷ್ಟಿ ಕೆಂಪು ಗುಂಡಿಯ ಮೇಲೆ ಬೀಳುವಷ್ಟರಲ್ಲಿ ದೀಪ ಮುಂದಿನ ಚಿತ್ರಕ್ಕೆ ಸರಿದಿತ್ತು. ಶಿಗ್ಗಾಂವದ ಶಾಲೆಯೊಂದರ ಆ ಕೋಣೆಯಲ್ಲಿ ಸುಧಾರಾಣಿ ಟೀಚರು ಬೇಸರಪಡದೆ ಗುಂಡಿಯನ್ನು ಗದ್ದದ ಕೆಳಗಿಟ್ಟು ನೋಡಿದರು, ಮೊಣಕೈಗೂ ಇಟ್ಟು ನೋಡಿದರು. ಹುಟ್ಟಿದಾಗಿನಿಂದ ಮಾತಿಲ್ಲದ, ಮೈ ಹಿಡಿತಕ್ಕೆ ಸಿಗದ ಹುಡುಗಿಗೆ ಈಗ ಹನ್ನೆರಡು. ಮುಂದಿದ್ದ ಪೆಟ್ಟಿಗೆಯ ಮೇಲೆ ನಾಲ್ಕು ಚಿತ್ರ: ನೀರು, ಊಟ, ಸಾಕು, ಬಯಲಕಡೆ. ದೀಪ ಒಂದೊಂದರ ಮೇಲೂ ತುಸು ನಿಂತು ಸಾಗುತ್ತಿತ್ತು. ಬೇಕಾದ ಚಿತ್ರಕ್ಕೆ ಬಂದಾಗ ಗುಂಡಿ ಒತ್ತಿದರೆ ಪೆಟ್ಟಿಗೆ ಅವಳ ಪರವಾಗಿ ಮಾತನಾಡುತ್ತಿತ್ತು.

ಕೊನೆಗೆ ಟೀಚರು ಗುಂಡಿಯನ್ನು ಅವಳ ಎಡಗಾಲಿನ ಕೆಳಗಿಟ್ಟರು. ದೀಪ ನೀರಿಗೆ ಬಂತು. ಹೆಬ್ಬೆರಳು ಇಳಿಯಿತು.

"ನೀರು ಬೇಕ್ರಿ," ಎಂದಿತು ಪೆಟ್ಟಿಗೆ.

ಅಪ್ಪ ರುದ್ರೇಶ ಲೋಟ ಹಿಡಿದ. ಎರಡು ಗುಟುಕು ಕುಡಿದು ಅವಳು ಪೆಟ್ಟಿಗೆಯಿಂದ "ಸಾಕ್ರಿ" ಅನ್ನಿಸಿದಳು. ಲೋಟ ಸರಿದದ್ದು ನೋಡಿ ಗಟ್ಟಿಯಾಗಿ ನಕ್ಕಳು. ಹತ್ತು ಸಲ ಕೇಳಿದರೆ ಹತ್ತು ಸಲವೂ ಕಾಲು ತಪ್ಪಲಿಲ್ಲ.

ಅಜ್ಜಿ ಸರೋಜವ್ವ ಎದ್ದು ಬಂದು ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಮಾತು ಕೊಡೋ ಸಾಮಾನು ಐತಿದು. ಕಾಲಿಲೆ ಒದ್ದು ಅನ್ನ ಕೇಳೂದೇನ್ರಿ, ಅಕ್ಕಾರ?"

"ಕೈ ಆಕಿ ಮಾತು ಕೇಳೂದಿಲ್ಲರಿ ಅಜ್ಜಿ. ಕಾಲು ಕೇಳತೈತಿ."

"ಕೈಗೆ ಕಲಸ್ರಿ ಹಂಗಾರ. ಎಮ್ಮಿ ಒದ್ದಂಗ ಒದಿಯಾಕ ಸಾಲಿ ಯಾಕ ಬೇಕು?"

ಟೀಚರು ಬಹಳ ಹೊತ್ತು ತಿಳಿಸಿ ಹೇಳಿದರು. ಕಾಲಿಗಾದರೆ ಪೆಟ್ಟಿಗೆ ಇಲ್ಲೇ ಇರಲಿ ಎಂದಳು ಸರೋಜವ್ವ. ರುದ್ರೇಶ ನೆಲ ನೋಡುತ್ತ, ಅವ್ವ ಹೇಳಿದಂತೆ ಮಾಡಿರಿ ಎಂದ. ಮನೆಯವರ ಸಹಿ ಇಲ್ಲದಿದ್ದರೆ ಪೆಟ್ಟಿಗೆ ಕಪಾಟಿನಲ್ಲೇ ಉಳಿಯುತ್ತಿತ್ತು. ಟೀಚರು ಫಾರ್ಮಿನಲ್ಲಿ 'ಬಲಗೈ' ಎಂದು ಬರೆದರು.

ಅವರ ಊರು ಹಿರೇಬೆಂಡಿಗೇರಿಯಲ್ಲಿ ಓಣಿಯೇ ಬಂದು ಪೆಟ್ಟಿಗೆ ನೋಡಿತು. ನನ್ನ ಮೊಮ್ಮಗಳು 'ರಿ' ಹಚ್ಚಿ ಮಾತಾಡುತ್ತಾಳೆ ಎಂದು ಸರೋಜವ್ವ ಹೇಳಿದ್ದೇ ಹೇಳಿದ್ದು. ಹಂಗಾದರೆ ನಿನ್ನನ್ನು ಹೋಲುವುದಿಲ್ಲ ಬಿಡು ಎಂದು ನೆರೆಮನೆಯ ಇಮಾಮಬಿ ಚೇಷ್ಟೆ ಮಾಡಿದಳು.

ಮರುದಿನ ಮಧ್ಯಾಹ್ನ ಸರೋಜವ್ವ ಅನ್ನ ಸಾರು ಕಲಸಿ ಎರಡು ತುತ್ತು ಉಣಿಸಿದಳು. ಮೂರನೆಯದು ಕಂಡು ಆಸೆಗೆ ಹುಡುಗಿಯ ಮೈ ಸೆಟೆಯಿತು, ದೀಪ ಊಟದ ಚಿತ್ರ ದಾಟಿದ ಮೇಲೆ ಮುಷ್ಟಿ ಗುಂಡಿಯ ಮೇಲೆ ಬಿತ್ತು.

"ಸಾಕ್ರಿ."

ಮಲ್ಲಿಕಾ ಕೂಗಿದಳು. ದೀಪ ಸರಿಯುವ ಮೊದಲೇ ಮುಷ್ಟಿ ಮತ್ತೆ ಬಿತ್ತು.

"ಸಾಕ್ರಿ."

"ಅವ್ವಾ, ಎರಡ ತುತ್ತು ತಿಂದಾಳ," ಎಂದ ರುದ್ರೇಶ.

"ಹನ್ನೆರಡು ವರ್ಷ ಆಕಿ ಮನಸ್ಸು ತಿಳೀವಲ್ದು ಅಂತ ಅಳತಿದ್ದಿ. ಈಗ ತಾನ ಬಾಯಿಬಿಟ್ಟು ಹೇಳಾಕತ್ತಾಳ. ಆಕಿ ಮಾತು ಮೀರಬ್ಯಾಡ."

ಸರೋಜವ್ವ ತಾಟು ಎತ್ತಿಕೊಂಡು ಹಿತ್ತಲಿಗೆ ಹೋಗಿ ಅನ್ನ ಚೆಲ್ಲಿದಳು. ಕೋಳಿಗಳು ಓಡಿ ಬಂದವು. ಮಲ್ಲಿಕಾಳ ತುಟಿಯಂಚಿಗೆ ಒಂದು ಅಗುಳು ಅಂಟಿತ್ತು. ನಾಲಿಗೆ ಹೊರಗೆ ಬಂದು ಅದನ್ನು ಹುಡುಕುತ್ತಿತ್ತು, ಎಟುಕುತ್ತಿರಲಿಲ್ಲ.